ಸಹಿಯಲ್ಲಿದ್ದ ಹೆಸರು: ಝಾವೊ ಯಿಮಾನ್ ಪ್ರಕರಣ

1936ರ ಆಗಸ್ಟ್ 2. ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದ ಹಾರ್ಬಿನ್ ನಗರದಿಂದ ಝುಹೆ ಎಂಬ ಊರಿನ ಕಡೆಗೆ ಒಂದು ರೈಲು ಹೊರಟಿತ್ತು. ಅದರಲ್ಲಿ ಪೊಲೀಸರ ಕಾವಲಿನಲ್ಲಿ ಕೂತಿದ್ದ ಹೆಂಗಸಿಗೆ ಮೂವತ್ತು ವರ್ಷ. ಝುಹೆಯಲ್ಲಿ ಇಳಿಸಿ ತನ್ನನ್ನು ಕೊಲ್ಲುತ್ತಾರೆ ಎಂದು ಆಕೆಗೆ ಗೊತ್ತಿತ್ತು. ಬರೆಯಲು ಕಾಗದ ಕೇಳಿ ಪಡೆದಳು. ಮಗನಿಗೆ ಪತ್ರ ಬರೆದಳು. ಕೊನೆಗೆ ಸಹಿ ಹಾಕಿದಳು: ನಿನ್ನ ತಾಯಿ ಝಾವೊ ಯಿಮಾನ್.

ಮಗನಿಗೆ ಆಗ ಏಳು ವರ್ಷ. ದೂರದ ದಕ್ಷಿಣದಲ್ಲಿ ದೊಡ್ಡಪ್ಪನ ಮನೆಯಲ್ಲಿ ಬೆಳೆಯುತ್ತಿದ್ದ. ಝಾವೊ ಯಿಮಾನ್ ಎಂಬ ಹೆಸರನ್ನು ಅವನು ಕೇಳಿರಲಿಲ್ಲ. ಅವನ ಅಪ್ಪನಿಗೂ ಗೊತ್ತಿರಲಿಲ್ಲ, ದೊಡ್ಡಪ್ಪನಿಗೂ ಗೊತ್ತಿರಲಿಲ್ಲ. ಆಕೆಯ ಒಡಹುಟ್ಟಿದ ಅಕ್ಕನಿಗೂ ಗೊತ್ತಿರಲಿಲ್ಲ. ಆ ಪತ್ರ ಮಗನ ಕಣ್ಣಿಗೆ ಬಿದ್ದಾಗ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಳೆದಿತ್ತು.

ಚೀನಾದಲ್ಲಿ ಝಾವೊ ಯಿಮಾನ್ ಎಂದರೆ ಶಾಲೆ ಮಕ್ಕಳಿಗೂ ಗೊತ್ತು. ಜಪಾನಿಯರ ವಿರುದ್ಧ ಹೋರಾಡಿ ಸತ್ತ ವೀರ ಮಹಿಳೆ, ಪಠ್ಯಪುಸ್ತಕದ ಪಾಠ, ಊರ ನಡುವಿನ ಪ್ರತಿಮೆ. ಆ ಕತೆಯನ್ನೇ ಮತ್ತೆ ಹೇಳುವುದು ನನ್ನ ಉದ್ದೇಶ ಅಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಹಿ. ಸಾಯುವ ದಿನ, ಸ್ವಂತ ಮಗನಿಗೆ ಬರೆಯುವಾಗಲೂ, ಒಬ್ಬ ತಾಯಿ ತನ್ನ ನಿಜವಾದ ಹೆಸರು ಯಾಕೆ ಬರೆಯಲಿಲ್ಲ? ಆ ಹೆಸರು ಕಳೆದದ್ದು ಹೇಗೆ, ಸಿಕ್ಕಿದ್ದು ಹೇಗೆ? ಈ ಪ್ರಕರಣವನ್ನು ನಾನು ಆ ದಾರಿಯಲ್ಲೇ ನೋಡುತ್ತೇನೆ.

ಲಿ ಮನೆಯ ಏಳನೇ ಮಗು

ಹುಟ್ಟಿದಾಗಿನ ಹೆಸರು ಲಿ ಕುನ್‌ತಾಯ್. 1905ರ ಅಕ್ಟೋಬರ್‌ನಲ್ಲಿ, ಸಿಚುವಾನ್ ಪ್ರಾಂತ್ಯದ ಯಿಬಿನ್ ಸೀಮೆಯ ಬೈಹುವಾ ಎಂಬಲ್ಲಿ ಹುಟ್ಟಿದಳು. ಎಂಟು ಮಕ್ಕಳಲ್ಲಿ ಏಳನೆಯವಳು. ಜಮೀನು, ಆಳುಕಾಳು ಇದ್ದ ಮನೆ. ಆ ಕಾಲದ ಅಂಥ ಮನೆಗಳಲ್ಲಿ ಹೆಣ್ಣುಮಕ್ಕಳ ಪಾದ ಕಟ್ಟುತ್ತಿದ್ದರು. ಬೆರಳುಗಳನ್ನು ಒಳಕ್ಕೆ ಮಡಚಿ, ಬಟ್ಟೆ ಸುತ್ತಿ, ಪಾದ ಬೆಳೆಯದ ಹಾಗೆ ಮಾಡುವ ಪದ್ಧತಿ. ಈಕೆ ಒಪ್ಪಲಿಲ್ಲ. ಕಟ್ಟಿದ್ದನ್ನು ಬಿಚ್ಚಿ ಎಸೆದಳು, ಆ ಪುಟ್ಟ ಶೂಗಳನ್ನು ಕತ್ತಿಯಿಂದ ಕೊಚ್ಚಿ ಹಾಕಿದಳು ಎಂದು ಊರಿನಲ್ಲಿ ಹೇಳುತ್ತಾರೆ.

ಅಪ್ಪ ತೀರಿಕೊಂಡ ಮೇಲೆ ಮನೆ ಅಣ್ಣನ ಕೈಗೆ ಬಂತು. ಓದಬೇಕು ಎಂದು ಈಕೆ, ಬೇಡ ಎಂದು ಅಣ್ಣ. ನಡುವೆ ಬೆಳಕು ತಂದವನು ಭಾವ, ಝೆಂಗ್ ಯೌಝಿ. ಸಿಚುವಾನಿನ ಮೊದಲ ತಲೆಮಾರಿನ ಕಮ್ಯುನಿಸ್ಟರಲ್ಲಿ ಒಬ್ಬ. ಅವನು ಹೊರಗಿನಿಂದ ಪುಸ್ತಕ, ಪತ್ರಿಕೆ ಕಳಿಸುತ್ತಿದ್ದ. 1924ರಲ್ಲಿ ಲಿ ಕುನ್‌ತಾಯ್ ಒಂದು ಮಹಿಳಾ ವಾರಪತ್ರಿಕೆಗೆ ಬರಹ ಕಳಿಸಿದಳು. ವಿಷಯ ಬೇರೇನೂ ಅಲ್ಲ, ಸ್ವಂತ ಮನೆ. ಅಣ್ಣ ಓದಲು ಬಿಡುತ್ತಿಲ್ಲ, ಮದುವೆ ಮಾಡಿ ಸಾಗಹಾಕಲು ನೋಡುತ್ತಿದ್ದಾನೆ, ನಾನೇನು ಮಾಡಲಿ ಎಂದು ಓದುಗರನ್ನೇ ಕೇಳಿದಳು. ಬರಹ ಅಚ್ಚಾಯಿತು. ಅದರ ಕೆಳಗಿದ್ದ ಹೆಸರು ಲಿ ಯಿಚಾವೊ. ಅಂದರೆ ಹತ್ತೊಂಬತ್ತು ತುಂಬುವ ಮೊದಲೇ ಎರಡನೇ ಹೆಸರು.

ಸಂಘಟನೆ ಎನ್ನುವುದು ಆಕೆಗೆ ಎಲ್ಲಿಂದ ಬಂತು ಎಂದು ಕೇಳಿದರೆ ನಾನು ಈ ಬರಹವನ್ನು ತೋರಿಸುತ್ತೇನೆ. ಮನೆಯೊಳಗೆ ಅತ್ತು ಸುಮ್ಮನಾಗುವ ದುಃಖವನ್ನು ತಂದು ಹತ್ತು ಜನರ ಮುಂದೆ ಇಟ್ಟಳು. ಅದೇ ಕಾಲಕ್ಕೆ ಊರಿನ ಹೆಂಗಸರನ್ನು ಸೇರಿಸಿ ಒಂದು ಕೂಟವನ್ನೂ ಕಟ್ಟಿದ್ದಳು. ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವ ಬಂದದ್ದು ಆಮೇಲೆ, 1926ರಲ್ಲಿ.

ಅಲ್ಲಿಂದ ಮುಂದೆ ವೇಗ. ವುಹಾನಿನ ಸೈನಿಕ ಶಾಲೆ ಆಗ ಮೊದಲ ಸಲ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತ್ತು. ಸುಮಾರು ಇನ್ನೂರು ಹುಡುಗಿಯರಲ್ಲಿ ಈಕೆ ಒಬ್ಬಳು. 1927ರಲ್ಲಿ ರಾಷ್ಟ್ರವಾದಿ ಪಕ್ಷವಾದ ಕುವೊಮಿಂಟಾಂಗ್ ಮತ್ತು ಕಮ್ಯುನಿಸ್ಟರ ಮೈತ್ರಿ ಮುರಿದು ಬಿತ್ತು, ಹತ್ಯೆಗಳು ಶುರುವಾದವು. ಪಕ್ಷ ಆಕೆಯನ್ನು ಮಾಸ್ಕೋಗೆ ಓದಲು ಕಳಿಸಿತು. ಅಲ್ಲಿ ಜೊತೆಗೆ ಓದುತ್ತಿದ್ದ ಚೆನ್ ದಾಬಾಂಗ್ ಜೊತೆ 1928ರಲ್ಲಿ ಮದುವೆ. ಕೆಲವೇ ತಿಂಗಳಿಗೆ ಗರ್ಭಿಣಿ. ಜೊತೆಗೆ ಶ್ವಾಸಕೋಶದ ಕಾಯಿಲೆ, ಆ ಚಳಿ ಮೈಗೆ ಒಗ್ಗಲಿಲ್ಲ. ಅದೇ ವರ್ಷದ ಕೊನೆಗೆ ಒಬ್ಬಳೇ ಚೀನಾಕ್ಕೆ ವಾಪಸ್ ಬಂದಳು. ಗಂಡ ಅಲ್ಲೇ ಉಳಿದ. ಆಮೇಲೆ ಅವರಿಬ್ಬರೂ ಮತ್ತೆ ಭೇಟಿಯಾಗಲಿಲ್ಲ.

1929ರ ಜನವರಿ 21ರಂದು ಯಿಚಾಂಗ್ ಎಂಬಲ್ಲಿ ಗಂಡು ಮಗು ಹುಟ್ಟಿತು. ಐದು ವರ್ಷದ ಹಿಂದೆ ಅದೇ ದಿನ ಲೆನಿನ್ ಸತ್ತಿದ್ದ. ಚೀನೀ ಭಾಷೆಯಲ್ಲಿ ಲೆನಿನ್ ಹೆಸರು ಲ್ಯೆನಿಂಗ್. ಅದರ ಕೊನೆಯ ಅಕ್ಷರ ತೆಗೆದು ಮಗುವಿಗೆ ನಿಂಗ್‌ಅರ್ ಎಂದು ಕರೆದಳು. ಮುದ್ದು ಹೆಸರು, ನಮ್ಮಲ್ಲಿ ಪುಟ್ಟ ಅಂದ ಹಾಗೆ, ಆದರೆ ಒಳಗೊಂದು ಗುಟ್ಟು.

ಮಗುವನ್ನು ಎದೆಗೆ ಕಟ್ಟಿಕೊಂಡು ಗುಪ್ತ ಕೆಲಸ ಎಷ್ಟು ದಿನ ಮಾಡಲು ಆಗುತ್ತದೆ? 1930ರಲ್ಲಿ ಗಂಡನ ಅಣ್ಣ ಚೆನ್ ಯುಯೆಯುನ್ ಮನೆಗೆ ಮಗುವನ್ನು ಒಪ್ಪಿಸಿದಳು. ಅದಕ್ಕೆ ಮೊದಲು ಶಾಂಘೈನಲ್ಲಿ ಒಂದು ಫೋಟೊ ತೆಗೆಸಿದಳು. ಕುರ್ಚಿಯಲ್ಲಿ ಕೂತ ತಾಯಿ, ತೋಳಲ್ಲಿ ಮಗು. ಅದರ ಒಂದು ಪ್ರತಿಯನ್ನು ಊರಿನಲ್ಲಿದ್ದ ಅಕ್ಕ ಲಿ ಕುನ್‌ಜ್ಯೆಗೆ ಕಳಿಸಿದಳು. ಈ ಫೋಟೊವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಸರು ಬಿಡುವ ಕೆಲಸ

1931ರ ಸೆಪ್ಟೆಂಬರ್ 18ರಂದು ಜಪಾನಿ ಸೇನೆ ಶೆನ್‌ಯಾಂಗ್ ಮೇಲೆ ಎರಗಿತು. ಕೆಲವೇ ತಿಂಗಳಲ್ಲಿ ಇಡೀ ಮಂಚೂರಿಯಾ ಅವರ ಕೈಗೆ ಹೋಯಿತು. 1932ರಲ್ಲಿ ಮಂಚುಕುವೊ ಎಂಬ ಹೊಸ ದೇಶದ ಬೋರ್ಡು ಹಾಕಿದರು. ಗದ್ದುಗೆಯ ಮೇಲೆ ಚೀನಾದ ಹಳೆಯ ಬಾಲ ಚಕ್ರವರ್ತಿ ಪುಯಿ, ಹಿಂದೆ ನಿಂತು ಆಡಿಸುವವರು ಜಪಾನಿಯರು. ಆಗ ಚೀನಾ ಆಳುತ್ತಿದ್ದ ಚಿಯಾಂಗ್ ಕೈ ಶೇಕ್‌ನ ಕುವೊಮಿಂಟಾಂಗ್ ಸರ್ಕಾರ ಎದುರು ನಿಂತು ಕಾದಲಿಲ್ಲ. ಅಲ್ಲಿ ಉಳಿದವರು ಚದುರಿದ ಸೈನಿಕರು, ರೈತರು ಮತ್ತು ಒಂದಿಷ್ಟು ಗುಪ್ತ ಸಂಘಟಕರು.

ಆ ಸಂಘಟಕರ ಸಾಲಿಗೆ ಸೇರಲು ಆಕೆಯನ್ನು ಉತ್ತರಕ್ಕೆ ಕಳಿಸಿದರು. ಸಿಚುವಾನಿನ ಹುಡುಗಿಗೆ ಅದು ಬೇರೆಯೇ ಲೋಕ. ಚಳಿಗಾಲದಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಇಳಿಯುವ ನೆಲ. ಇಲ್ಲಿಗೆ ಬಂದ ಮೇಲೆ ಇಟ್ಟುಕೊಂಡ ಹೆಸರೇ ಝಾವೊ ಯಿಮಾನ್. ಮನೆತನದ ಲಿ ಹೋಯಿತು, ಝಾವೊ ಬಂತು. ಹಾರ್ಬಿನ್‌ನಲ್ಲಿ ಒಬ್ಬ ಕಾರ್ಮಿಕ ಸಂಘಟಕನ ಜೊತೆ ಗಂಡ ಹೆಂಡತಿ ಎಂದು ಹೇಳಿಕೊಂಡು ಮನೆ ಮಾಡಿದಳು. ಒಂಟಿ ಹೆಂಗಸು ಬಾಡಿಗೆ ಮನೆ ಕೇಳಿದರೆ ಪೊಲೀಸರ ಕಣ್ಣು ಬೀಳುತ್ತದೆ. ಸಂಸಾರ ಎಂದರೆ ಯಾರೂ ಕೇಳುವುದಿಲ್ಲ.

ಗುಪ್ತ ಕೆಲಸದ ಒಂದು ನಿಯಮವನ್ನು ಇಲ್ಲಿ ಹೇಳಬೇಕು, ಯಾಕೆಂದರೆ ಪ್ರಕರಣದ ಗಂಟು ಅಲ್ಲೇ ಇದೆ. ಒಬ್ಬರಿಗೆ ತನ್ನ ಮೇಲಿನ ಒಬ್ಬರು, ಕೆಳಗಿನ ಒಬ್ಬರು, ಇಷ್ಟೇ ಗೊತ್ತಿರಬೇಕು. ಊರು ಕೇಳಬಾರದು, ಮನೆ ಕೇಳಬಾರದು, ನಿಜವಾದ ಹೆಸರು ಕೇಳಬಾರದು. ಗೊತ್ತಿಲ್ಲದ್ದನ್ನು ಯಾವ ಹಿಂಸೆಯೂ ಬಾಯಿ ಬಿಡಿಸಲಾರದು. ಬಹಳ ಒಳ್ಳೆಯ ನಿಯಮ, ಅದರಿಂದ ಎಷ್ಟೋ ಜೀವ ಉಳಿದವು. ಆದರೆ ಅದಕ್ಕೊಂದು ಬೆಲೆ ಇದೆ. ಸರಪಳಿಯ ಎರಡು ಕೊಂಡಿ ಸತ್ತರೆ, ಮೂರನೆಯವನು ಯಾರು ಎಂದು ಹೇಳಲು ಲೋಕದಲ್ಲಿ ಯಾರೂ ಉಳಿಯುವುದಿಲ್ಲ.

1933ರ ಏಪ್ರಿಲ್‌ನಲ್ಲಿ ಹಾರ್ಬಿನ್‌ನ ಟ್ರಾಮ್ ಕಾರ್ಮಿಕರು ಮುಷ್ಕರ ಹೂಡಿದರು. ತಮ್ಮವನೊಬ್ಬನಿಗೆ ಹೊಡೆದರು ಎಂಬ ಸಿಟ್ಟು ಅದಕ್ಕೆ ಕಿಡಿ. ಟ್ರಾಮ್ ನಿಂತವು. ಆ ಸಿಟ್ಟನ್ನು ಬೇಡಿಕೆಗಳನ್ನಾಗಿ ಮಾಡಿ, ಕರಪತ್ರ ಬರೆದು ಹಂಚುವ ಕೆಲಸದ ಹಿಂದೆ ಝಾವೊ ಯಿಮಾನ್ ಇದ್ದಳು. 1934ರಲ್ಲಿ ಹಾರ್ಬಿನ್‌ನ ಗುಪ್ತ ಜಾಲದ ಮೇಲೆ ಪೊಲೀಸರ ದಾಳಿ ಜೋರಾಯಿತು. ಜೊತೆಗಾರರು ಸಿಕ್ಕಿಬಿದ್ದರು. ಆಕೆ ನಗರ ಬಿಟ್ಟು ಝುಹೆಯ ಹಳ್ಳಿಗಳಿಗೆ ಹೋದಳು.

ತೆಳ್ಳನೆಯ ಲಿ

ಝುಹೆ ಹಾರ್ಬಿನ್‌ನಿಂದ ಆಗ್ನೇಯಕ್ಕಿದೆ. ಕಾಡು, ಗುಡ್ಡ, ಜೋಳ ಮತ್ತು ಸೋಯಾ ಹೊಲ, ನಡುವೆ ಹಾದುಹೋಗುವ ರೈಲು ಹಳಿ. ಝಾವೊ ಶಾಂಗ್‌ಝಿ ಎಂಬ ಗೆರಿಲ್ಲಾ ನಾಯಕನ ಪಡೆ ಇದ್ದದ್ದು ಇಲ್ಲೇ. ಇಬ್ಬರದೂ ಝಾವೊ ಎಂಬ ಹೆಸರಾದ್ದರಿಂದ ಅವರು ಅಣ್ಣ ತಂಗಿ ಎಂದು ಕೆಲವರು, ಗಂಡ ಹೆಂಡತಿ ಎಂದು ಕೆಲವರು ನಂಬಿದ್ದರಂತೆ. ಆಕೆಯೂ ತಿದ್ದಲು ಹೋಗಲಿಲ್ಲ. ಸುಳ್ಳು ಗಾಳಿಮಾತು ಸುಳ್ಳು ಹೆಸರಿಗೆ ಒಳ್ಳೆಯ ಹೊದಿಕೆ ಅಲ್ವಾ.

ಆದರೆ ಹಳ್ಳಿ ಜನ ಆಕೆಯನ್ನು ಕರೆಯುತ್ತಿದ್ದದ್ದು ಬೇರೆ ಹೆಸರಿನಿಂದ: ತೆಳ್ಳನೆಯ ಲಿ, ಲಿ ಅಕ್ಕ. ನೋಡಿ, ಅಧಿಕೃತವಾಗಿ ಬಿಟ್ಟ ಮನೆತನದ ಹೆಸರು ಹೊಲದ ಬದುವಿನಲ್ಲಿ ಮತ್ತೆ ಬಂದು ಕೂತಿದೆ. ಮುಂದೆ ಈ ಒಂದು ಅಕ್ಷರವೂ ಕೆಲಸಕ್ಕೆ ಬಂತು.

ಆಕೆ ಅಲ್ಲಿ ಏನು ಮಾಡುತ್ತಿದ್ದಳು? ಮೊದಲು ತಾಲ್ಲೂಕು ಮಟ್ಟದ ಪಕ್ಷ ಸಮಿತಿಯಲ್ಲಿ, ಆಮೇಲೆ ರೈಲು ಹಳಿಯ ಉತ್ತರದ ಭಾಗದ ಕಾರ್ಯದರ್ಶಿ. ಹೇಳಲು ದೊಡ್ಡ ಹುದ್ದೆ. ದಿನದ ಕೆಲಸ ಮಾತ್ರ ಸಣ್ಣ ಸಣ್ಣದು. ರೈತರ ಸಂಘ, ಹೆಂಗಸರ ಸಂಘ, ಹುಡುಗರ ಕಾವಲು ಪಡೆ. ಹೆಂಗಸರು ಗೆರಿಲ್ಲಾಗಳಿಗೆ ಬಟ್ಟೆ ಹೊಲಿಯುತ್ತಿದ್ದರು, ಗಾಯವಾದವರನ್ನು ಮನೆಯಲ್ಲಿ ಬಚ್ಚಿಡುತ್ತಿದ್ದರು. ಮಕ್ಕಳು ಸುದ್ದಿ ಮುಟ್ಟಿಸುತ್ತಿದ್ದರು. ರಾತ್ರಿ ಅಕ್ಷರ ಕಲಿಸುವುದು, ಹಾಡು ಕಲಿಸುವುದು. ಗೊಬ್ಬರದ ಗಾಡಿಯಲ್ಲಿ, ಎಣ್ಣೆ ಕಾಗದದಲ್ಲಿ ಸುತ್ತಿದ ಬಂದೂಕುಗಳನ್ನು ಅಡಗಿಸಿ ಕಾವಲುಗಾರರ ಮೂಗಿನ ಕೆಳಗೇ ಸಾಗಿಸಿದಳು ಎಂಬ ಕತೆಯೊಂದಿದೆ. ವಾಸನೆಗೆ ಹೆದರಿ ಯಾರೂ ಕೆದಕಲಿಲ್ಲವಂತೆ.

ಚೀನಾದ ಮಕ್ಕಳು ಓದುವ ಇನ್ನೊಂದು ಕತೆ ಒರಟು ಪಿಂಗಾಣಿ ಬಟ್ಟಲಿನದು. ಪಡೆಯಲ್ಲಿ ಆಹಾರ ಕಡಿಮೆ. ಊಟಕ್ಕೆ ಆಕೆಗೆ ಸ್ವಂತ ಬಟ್ಟಲಿಲ್ಲ, ಸಿಕ್ಕಿದ್ದನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾಳೆ. ಸುದ್ದಿ ಒಯ್ಯುವ ಹುಡುಗ ಎಲ್ಲಿಂದಲೋ ಒಂದು ಬಟ್ಟಲು ತಂದು, ಅದರ ತುಂಬ ಜೋಳದ ಅನ್ನ ಹಾಕಿ ಮುಂದಿಡುತ್ತಾನೆ. ಆಕೆ ಯಾರಿಗೂ ಕಾಣದ ಹಾಗೆ ಅಡುಗೆ ಮನೆಗೆ ಹೋಗಿ ಅದನ್ನು ಪಾತ್ರೆಗೆ ಸುರಿದು, ಕಾಡಿನ ಸೊಪ್ಪು ಬೆರೆಸಿದ ಗಂಜಿ ತುಂಬಿಕೊಳ್ಳುತ್ತಾಳೆ. ಪಾಠಕ್ಕೆಂದೇ ನಯ ಮಾಡಿದ ಕತೆ, ನಿಜ. ಆದರೂ ಬಿಳಿ ಕುದುರೆಗಿಂತ ಈ ಬಟ್ಟಲೇ ನನಗೆ ಹತ್ತಿರ.

ಬಿಳಿ ಕುದುರೆ ಯಾವುದು ಎಂದರೆ, ಆಗಿನ ಪತ್ರಿಕೆಗಳು ಆಕೆಯನ್ನು ಕೆಂಪು ಬಂದೂಕು, ಬಿಳಿ ಕುದುರೆಯ ಹೆಣ್ಣು ಡಕಾಯಿತಳಂತೆ ಚಿತ್ರಿಸಿದವು. ವೈರಿಗಳು ಹೆದರಿ ಕಟ್ಟಿದ ಚಿತ್ರವನ್ನೇ ಆಮೇಲೆ ಅಭಿಮಾನಿಗಳು ಎತ್ತಿಕೊಂಡರು. ಪ್ರತಿಮೆಗಳಲ್ಲೂ ಅದೇ ಗತ್ತು. ಶ್ವಾಸಕೋಶದ ಕಾಯಿಲೆಯ, ಸೊರಗಿದ, ಜನ ತೆಳ್ಳನೆಯವಳು ಎಂದೇ ಕರೆಯುತ್ತಿದ್ದ ಹೆಂಗಸು ಆ ಕುದುರೆಯ ನೆರಳಲ್ಲಿ ಮರೆಯಾದಳು. ಜಪಾನಿಯರಿಗೆ ನಿಜವಾಗಿ ತಲೆನೋವಾದದ್ದು ಕುದುರೆ ಅಲ್ಲ. ಹೊಲಿಯುವ, ಬಚ್ಚಿಡುವ, ಸುದ್ದಿ ಮುಟ್ಟಿಸುವ ಹಳ್ಳಿಗಳು. ಅದು ಅವರಿಗೂ ಗೊತ್ತಿತ್ತು. ಅದಕ್ಕೇ ಚದುರಿದ ಮನೆಗಳನ್ನು ಸುಟ್ಟು, ಜನರನ್ನು ಗೋಡೆ ಸುತ್ತಿದ ದೊಡ್ಡ ಹಟ್ಟಿಗಳಿಗೆ ಓಡಿಸಿದರು. ಒಂದು ಮನೆ ತಪ್ಪು ಮಾಡಿದರೆ ಸುತ್ತಲಿನ ಮನೆಗಳಿಗೂ ಶಿಕ್ಷೆ ಎಂಬ ಕಟ್ಟಳೆ ತಂದರು. ಮೀನನ್ನು ಹಿಡಿಯಲಾಗದೆ ಕೆರೆಯ ನೀರನ್ನೇ ಬತ್ತಿಸಲು ಹೊರಟರು.

1935ರ ಶರತ್ಕಾಲದಲ್ಲಿ ಆಕೆ ಗೆರಿಲ್ಲಾ ಸೇನೆಯ ಒಂದು ರೆಜಿಮೆಂಟಿಗೆ ರಾಜಕೀಯ ಕಮಿಸಾರ್, ಅಂದರೆ ಪಡೆಯೊಳಗೆ ಪಕ್ಷದ ಕೆಲಸ ನೋಡಿಕೊಳ್ಳುವ ಅಧಿಕಾರಿ, ಆದಳು. ನವೆಂಬರ್‌ನಲ್ಲಿ ಆ ಪಡೆಯನ್ನು ಮುತ್ತಿಗೆ ಹಾಕಿದರು. ಎಡ ಮಣಿಕಟ್ಟಿಗೆ ಗುಂಡು ಬಿತ್ತು. ಒಂದು ರೈತರ ಮನೆಯಲ್ಲಿ ಅಡಗಿದ್ದಾಗ ಮತ್ತೆ ಪತ್ತೆಯಾದಳು. ಈ ಸಲ ಗುಂಡು ತೊಡೆಗೆ ಹೊಕ್ಕು ಮೂಳೆ ಪುಡಿಯಾಯಿತು. ಹಾಗೆ ಸಿಕ್ಕಿಬಿದ್ದಳು.

ಆಸ್ಪತ್ರೆಯ ಹಾಸಿಗೆಯಲ್ಲಿ ಇಬ್ಬರ ಸಂಘ

ವಿಚಾರಣೆ ಮಾಡಿದ ಜಪಾನಿ ಅಧಿಕಾರಿಯ ಹೆಸರು ಓನೊ ತಾಯ್ಜಿ. ಗಾಯವಾದ ಜಾಗಕ್ಕೇ ಚಾಟಿಯ ಹಿಡಿಯಿಂದ ತಿವಿದು ಪ್ರಶ್ನೆ ಕೇಳಿದವನು. ಇದನ್ನು ಹೊರಗೆ ಹೇಳಿದ್ದು ಆಕೆ ಅಲ್ಲ, ಮುಂದೆ ಯುದ್ಧಾಪರಾಧಿಯಾಗಿ ಸೆರೆಯಲ್ಲಿದ್ದಾಗ ಅವನೇ ಕೊಟ್ಟ ಹೇಳಿಕೆ. 1956ರಲ್ಲಿ ತಾಯ್ಯುವಾನ್‌ನ ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿತು. ಈಕೆ ಸಾಮಾನ್ಯಳಲ್ಲ, ಓದಿದವಳು, ಸತ್ತರೆ ಮಾಹಿತಿ ಹೋಗುತ್ತದೆ ಎಂದು ಅವರು ಲೆಕ್ಕ ಹಾಕಿದರು. ಹಾರ್ಬಿನ್‌ಗೆ ಸಾಗಿಸಿದರು. ಕಾಲು ಕೊಳೆತು ಜೀವಕ್ಕೆ ಅಪಾಯ ಬಂದಾಗ, 1935ರ ಡಿಸೆಂಬರ್‌ನಲ್ಲಿ ನಗರದ ಆಸ್ಪತ್ರೆಗೆ ಸೇರಿಸಿದರು. ಪ್ರೀತಿಯಿಂದ ಅಲ್ಲ, ಬಾಯಿ ಬಿಡಿಸುವುದು ಬಾಕಿ ಇತ್ತು ಎಂದು. ಚಿಕಿತ್ಸೆ ಕೊಟ್ಟ ಚೀನೀ ವೈದ್ಯ ಝಾಂಗ್ ಬೊಯಾನ್ ಕಾಲು ಕತ್ತರಿಸದೆ ಉಳಿಸಲು ನೋಡಿದ.

ನನ್ನ ಕಣ್ಣಿನಲ್ಲಿ ಇಡೀ ಪ್ರಕರಣದ ತಿರುಳು ಇಲ್ಲಿದೆ. ಯುದ್ಧದಲ್ಲಲ್ಲ, ಈ ಹಾಸಿಗೆಯಲ್ಲಿ.

ಕಾವಲಿಗೆ ಇದ್ದ ಪೊಲೀಸರಲ್ಲಿ ಡಾಂಗ್ ಶಿಯಾನ್‌ಶುನ್ ಎಂಬ ಯುವಕ. ಶುಶ್ರೂಷೆಗೆ ಹಾನ್ ಯೋಂಗ್‌ಯಿ ಎಂಬ, ಇನ್ನೂ ಇಪ್ಪತ್ತು ತುಂಬದ ನರ್ಸ್. ಮಂಚುಕುವೊ ಪೊಲೀಸ್ ಅಂಗಿ ಹಾಕಿದವನನ್ನು ವೈರಿ ಎಂದು ಬಿಟ್ಟುಬಿಡಬಹುದಿತ್ತು. ಆಕೆ ಬಿಡಲಿಲ್ಲ. ಮಾತಾಡಿಸಿದಳು. ಮಾತು ಸಾಲದೆ ಹೋದಾಗ ಬರೆದಳು. ಕಾಗದ ಎಲ್ಲಿಂದ ಬರಬೇಕು? ಔಷಧಿ ಪುಡಿ ಕಟ್ಟಿ ಕೊಡುತ್ತಿದ್ದ ಪೊಟ್ಟಣದ ಕಾಗದಗಳೇ ಸಾಕಾದವು. ಅವುಗಳ ಮೇಲೆ ಜಪಾನಿಯರು ಮಂಚೂರಿಯಾದಲ್ಲಿ ಮಾಡಿದ್ದನ್ನೂ ಗೆರಿಲ್ಲಾಗಳ ಬದುಕನ್ನೂ ಬರೆದಳು. ಭಾಷಣದ ಹಾಗೆ ಅಲ್ಲ, ಬೀದಿಯಲ್ಲಿ ಮಾರುವ ಕತೆ ಪುಸ್ತಕದ ಹಾಗೆ, ಓದಿಸಿಕೊಂಡು ಹೋಗುವ ಧಾಟಿಯಲ್ಲಿ. ಆ ಯುವಕ ಯಾವ ಭಾಷೆಯಲ್ಲಿ ಓದಬಲ್ಲ ಎಂದು ನೋಡಿ ಬರೆದದ್ದು ಅದು. ಹತ್ತೊಂಬತ್ತರಲ್ಲಿ ವಾರಪತ್ರಿಕೆಗೆ ಬರೆದ ಹುಡುಗಿಯೇ ಇವಳು, ಓದುಗ ಮಾತ್ರ ಈಗ ಒಬ್ಬನೇ.

ಇದು ನಮಗೆ ಹೇಗೆ ಗೊತ್ತು? ಪೊಲೀಸರ ವರದಿಯಿಂದಲೇ. ಆಕೆ ಒಬ್ಬ ಕಾವಲುಗಾರನನ್ನು ಹೇಗೆ ತನ್ನ ಕಡೆ ತಿರುಗಿಸಿಕೊಂಡಳು ಎಂದು ಅವರು ಗಾಬರಿಯಿಂದ ದಾಖಲು ಮಾಡಿಟ್ಟರು.

ಹಾನ್ ಯೋಂಗ್‌ಯಿ ತನ್ನ ಉಂಗುರ, ಬಟ್ಟೆ ಮಾರಿ ದುಡ್ಡು ಹೊಂದಿಸಿದಳು. 1936ರ ಜೂನ್ 28ರ ರಾತ್ರಿ ಮೂವರೂ ಹೊರಟರು. ನಗರ ದಾಟುವವರೆಗೆ ಬಾಡಿಗೆ ಕಾರು, ರಷ್ಯನ್ ಚಾಲಕ. ಆಮೇಲೆ ನಡೆಯಲಾಗದ ಹೆಂಗಸಿಗೆ ಹೊತ್ತೊಯ್ಯುವ ಕುರ್ಚಿ. ಮುಂದೆ ಡಾಂಗ್‌ನ ನೆಂಟರ ಮನೆ, ಅಲ್ಲಿಂದ ಕುದುರೆ ಗಾಡಿ. ಬೆಳಗ್ಗೆ ಹಾಸಿಗೆ ಖಾಲಿ ಇರುವುದನ್ನು ಕಂಡ ಪೊಲೀಸರು ಕಾರಿನ ಚಾಲಕನನ್ನು ಹಿಡಿದರು, ಕುರ್ಚಿ ಹೊತ್ತವರನ್ನು ಹಿಡಿದರು, ದಾರಿ ಸಿಕ್ಕಿತು. ಜೂನ್ 30ರ ಮುಂಜಾನೆ ಗಾಡಿಯನ್ನು ಹಿಂದಿನಿಂದ ಬಂದು ಸುತ್ತುವರಿದರು. ಗೆರಿಲ್ಲಾಗಳ ನೆಲೆ ಅಲ್ಲಿಂದ ಇಪ್ಪತ್ತು ಲಿ. ನಮ್ಮ ಲೆಕ್ಕದಲ್ಲಿ ಹತ್ತು ಕಿಲೋಮೀಟರ್.

ಲೋಪ ಎಲ್ಲಿ ಎಂದು ಹುಡುಕುವ ಅಭ್ಯಾಸ ಇದ್ದವರು ಇಲ್ಲಿ ಹೇಳಬಹುದು: ಬಾಡಿಗೆ ಕಾರು, ಬಾಡಿಗೆ ಆಳುಗಳು, ನೆಂಟರ ಮನೆ, ಎಲ್ಲವೂ ಜಾಡು ಬಿಟ್ಟುಕೊಡುವಂಥವು. ಸರಿ. ಒಂದು ಕೊಂಡಿಗೆ ಇನ್ನೊಂದು ಗೊತ್ತಿರಬಾರದು ಎಂಬ ನಿಯಮ ಇಲ್ಲಿ ಮುರಿದಿತ್ತು. ಆದರೆ ಹೊರಗಿನ ಜಾಲದ ಜೊತೆ ಸಂಪರ್ಕವೇ ಇಲ್ಲದೆ, ಕಾಲು ಮುರಿದ ಹೆಂಗಸು, ಒಬ್ಬ ಹುಡುಗ, ಒಬ್ಬಳು ಹುಡುಗಿ, ಬೇರೆ ಹೇಗೆ ಹೋಗಬೇಕಿತ್ತು? ನನಗಂತೂ ಉತ್ತರ ಹೊಳೆಯುವುದಿಲ್ಲ.

ಡಾಂಗ್ ಶಿಯಾನ್‌ಶುನ್ ಸೆರೆಯಲ್ಲಿ ಹಿಂಸೆಗೆ ಸಿಕ್ಕಿ ಸತ್ತ. ಹಾನ್ ಯೋಂಗ್‌ಯಿ ಜೈಲು ಕಂಡು ಹೊರಬಂದಳು, ಆದರೆ ಆ ಏಟುಗಳಿಂದ ಸುಧಾರಿಸಿಕೊಳ್ಳಲಿಲ್ಲ. 1949ರಲ್ಲಿ ತೀರಿಕೊಂಡಳು. ಬಿಳಿ ಕುದುರೆಯ ಪಾಠ ಓದಿದವರಲ್ಲಿ ಈ ಎರಡು ಹೆಸರು ಎಷ್ಟು ಜನರಿಗೆ ನೆನಪಿರುತ್ತದೋ.

ಎರಡು ಪತ್ರ

ಮತ್ತೆ ಒಂದು ತಿಂಗಳು ಹಿಂಸೆ. ಅದನ್ನು ಬಿಡಿಸಿ ಬರೆಯುವ ಮನಸ್ಸಿಲ್ಲ. ವಿದ್ಯುತ್ ಶಾಕ್ ಕೂಡ ಇತ್ತು ಎನ್ನುವುದಷ್ಟೇ ಸಾಕು. ಆಕೆ ಕೆಲಸದ ಗುಟ್ಟು ಹೇಳಲಿಲ್ಲ. ಕೊನೆಗೆ ಝುಹೆಯಲ್ಲೇ, ಜನರ ಕಣ್ಣೆದುರೇ ಕೊಲ್ಲಬೇಕು ಎಂದು ನಿರ್ಧಾರವಾಯಿತು. ಹಳ್ಳಿಗಳು ನೋಡಿ ಹೆದರಲಿ ಎಂದು.

ರೈಲಿನಲ್ಲಿ ಬರೆದ ಪತ್ರಗಳೆಂದು ಎರಡು ಉಳಿದಿವೆ. ಪ್ರಸಿದ್ಧವಾದದ್ದು ಮೊದಲನೆಯದು. ಶಾಲೆಯ ಗೋಡೆಗಳ ಮೇಲೆ ಇರುವುದು ಅದೇ. ನಿಂಗ್‌ಅರ್, ನಿನಗೆ ವಿದ್ಯೆ ಬುದ್ಧಿ ಕಲಿಸುವ ಹೊಣೆಯನ್ನು ನಿನ್ನ ತಾಯಿ ಪೂರೈಸಲಿಲ್ಲ, ಅದೇ ಕೊರಗು ಎಂದು ಅದು ಶುರುವಾಗುತ್ತದೆ. ಬೇಗ ದೊಡ್ಡವನಾಗು ಎನ್ನುತ್ತದೆ. ಸಾವಿರ ಮಾತುಗಳಿಂದ ನಿನಗೆ ಕಲಿಸುವುದಿಲ್ಲ, ನಾನು ಮಾಡಿದ್ದರಿಂದಲೇ ಕಲಿಸುತ್ತೇನೆ ಎನ್ನುತ್ತದೆ. ನಿನ್ನ ತಾಯಿ ದೇಶಕ್ಕಾಗಿ ಸತ್ತಳು ಎನ್ನುವುದನ್ನು ಮರೆಯಬೇಡ ಎಂದು ಮುಗಿಯುತ್ತದೆ.

ಎರಡನೆಯದು ಅಷ್ಟು ಗಟ್ಟಿ ದನಿಯದಲ್ಲ. ನನ್ನ ಪ್ರೀತಿಯ, ಪಾಪದ ಮಗುವೇ ಎಂದು ಕರೆಯುತ್ತದೆ. ನಾನು ಸಾಯುವುದು ದೊಡ್ಡದಲ್ಲ, ನಿನ್ನನ್ನು ಸಾಕಿ ಬೆಳೆಸುವವರು ಇಲ್ಲವಲ್ಲ ಎಂದು ಮರುಗುತ್ತದೆ. ಅಲ್ಲಿ ಎರಡು ವಿಚಿತ್ರ ಮಾತುಗಳಿವೆ. ನಿನ್ನ ತಾಯಿ ಈಶಾನ್ಯಕ್ಕೆ ಕೆಲಸ ಹುಡುಕಿಕೊಂಡು ಬಂದಳು ಎಂಬುದು ಒಂದು. ನಿನ್ನ ಅಪ್ಪ ಈಶಾನ್ಯಕ್ಕೆ ಬಂದು ಇಲ್ಲೇ ಸತ್ತ, ನಾನೂ ಅವನ ಹಿಂದೆ ಹೊರಟೆ ಎಂಬುದು ಇನ್ನೊಂದು.

ಎರಡೂ ಸುಳ್ಳು. ಕೆಲಸ ಹುಡುಕಿ ಬಂದವಳಲ್ಲ. ಮಗನ ಅಪ್ಪ ಚೆನ್ ದಾಬಾಂಗ್ ಸತ್ತಿರಲಿಲ್ಲ, ವಿದೇಶದಲ್ಲಿ ಬದುಕಿದ್ದ. ಮಗುವನ್ನು ಸಾಕುವವರೂ ಇದ್ದರು, ಆಕೆಯೇ ಒಪ್ಪಿಸಿ ಬಂದಿದ್ದಳು.

ಸಾಯುವ ಹೊತ್ತಿಗೆ ಮಗನಿಗೆ ಸುಳ್ಳು ಬರೆಯುತ್ತಾರಾ? ಪತ್ರವನ್ನು ಮೊದಲು ಓದುವವನು ಮಗ ಅಲ್ಲ, ಎದುರು ಕೂತ ಪೊಲೀಸ್. ಅದು ಆಕೆಗೆ ಚೆನ್ನಾಗಿ ಗೊತ್ತು. ಗಂಡ ಇದ್ದಾನೆ ಎಂದರೆ ಅವನನ್ನು ಹುಡುಕುತ್ತಾರೆ. ಗಂಡನ ತಂಗಿ ಚೆನ್ ಚೋಂಗ್‌ಯಿಂಗ್ ಕಮ್ಯುನಿಸ್ಟ್ ಪಕ್ಷದ ದೊಡ್ಡ ನಾಯಕ ರೆನ್ ಬಿಶಿಯ ಹೆಂಡತಿ. ಒಂದು ಎಳೆ ಸಿಕ್ಕರೆ ಸಾಕು, ಎಲ್ಲಿಯವರೆಗೆ ಬಿಚ್ಚಿಕೊಳ್ಳುತ್ತದೋ. ವಿಚಾರಣೆಯಲ್ಲಿ ಕಟ್ಟಿದ ಕತೆಯನ್ನೇ ಆಕೆ ಪತ್ರದಲ್ಲೂ ಬಿಗಿಯಾಗಿ ಹಿಡಿದಳು ಎಂದು ನಾನು ಓದುತ್ತೇನೆ. ಕಳಿಸಿದವಳ ಹೆಸರು ಕಟ್ಟಿಕೊಂಡದ್ದು. ಪಡೆಯುವವನದು ಮನೆಯೊಳಗಿನ ಮುದ್ದು ಹೆಸರು. ಪತ್ರದಲ್ಲಿ ವಿಳಾಸ ಇಲ್ಲ. ಮಗನಿಗೆ ತಲುಪದ ಹಾಗೆ ಬರೆದರೆ ಮಾತ್ರ ಮಗ ಕ್ಷೇಮ. ಆದರೂ ಬರೆಯದೆ ಇರಲು ಆಗಲಿಲ್ಲ.

ಗೋಡೆಯ ಮೇಲೆ ಮೊದಲ ಪತ್ರವನ್ನೇ ಹಾಕುವವರ ಕಷ್ಟ ನನಗೆ ಅರ್ಥವಾಗುತ್ತದೆ. ಮಾತು ನೇರ, ಎದೆ ಎತ್ತರ. ಆದರೆ ಸಂಘಟಕಿ ಕಾಣುವುದು ಎರಡನೆಯದರಲ್ಲಿ. ಅಳುತ್ತಲೇ ಕಾವಲು ಕಾಯುವ ಪತ್ರ ಅದು.

ಝುಹೆಯಲ್ಲಿ ಆಕೆಯನ್ನು ಗಾಡಿಯಲ್ಲಿ ಕೂರಿಸಿ ಬೀದಿಯಲ್ಲಿ ಮೆರವಣಿಗೆ ಮಾಡಿದರು. ಆಕೆ ಹಾಡಿದಳು. ಊರ ಉತ್ತರದ ಸಣ್ಣ ಬಾಗಿಲಿನ ಹೊರಗೆ ಗುಂಡಿಟ್ಟು ಕೊಂದರು.

ಹೆಸರು ಸಿಕ್ಕಿದ್ದು

ಕೈಬರಹದ ಮೂಲ ಪತ್ರಗಳು ಸಿಕ್ಕಿಲ್ಲ. ಪೊಲೀಸರು ಅವನ್ನು ಜಪಾನಿ ಭಾಷೆಗೆ ಅನುವಾದಿಸಿ ಕಡತಕ್ಕೆ ಸೇರಿಸಿದ್ದರು. ಇಂದು ಚೀನೀಯರು ಬಾಯಿಪಾಠ ಹೇಳುವುದು ಆ ಜಪಾನಿಯಿಂದ ಮತ್ತೆ ಚೀನೀ ಭಾಷೆಗೆ ತಂದ ಮಾತುಗಳನ್ನು. ಕೊಂದವರ ಅಚ್ಚುಕಟ್ಟು ಕಡತವೇ ಸತ್ತವಳ ದನಿಗೆ ಅಂಚೆಪೆಟ್ಟಿಗೆಯಾಯಿತು.

1945ರಲ್ಲಿ ಜಪಾನ್ ಸೋತಿತು. 1946ರಲ್ಲಿ ಹಾರ್ಬಿನ್‌ನ ಒಂದು ರಸ್ತೆಗೆ ಯಿಮಾನ್ ಬೀದಿ ಎಂದು ಹೆಸರಿಟ್ಟರು. ಝುಹೆಗೆ ಅದೇ ವರ್ಷ ಶಾಂಗ್‌ಝಿ ಎಂಬ ಹೆಸರು ಬಂತು, ಗೆರಿಲ್ಲಾ ನಾಯಕನ ನೆನಪಿಗೆ. ಆಕೆಯನ್ನು ಕೂಡಿಹಾಕಿದ್ದ ಪೊಲೀಸ್ ಕಚೇರಿಯ ಕಟ್ಟಡ ಇರುವುದು ಇದೇ ಯಿಮಾನ್ ಬೀದಿಯಲ್ಲಿ. 1948ರಲ್ಲಿ ಅದು ಈಶಾನ್ಯ ಹುತಾತ್ಮರ ಸ್ಮಾರಕ ಭವನವಾಯಿತು. 1950ರಲ್ಲಿ ಆಕೆಯ ಬದುಕಿನ ಬಗ್ಗೆ ಸಿನಿಮಾ ಬಂತು, ಊರೂರಿನಲ್ಲಿ ತೋರಿಸಿದರು. ದೇಶವೇ ನೋಡಿ ಅತ್ತಿತು. ಸಿಚುವಾನಿನ ಲಿ ಮನೆಯವರಿಗೆ ಮಾತ್ರ ಅದು ತಮ್ಮ ಮನೆಯ ಹುಡುಗಿಯ ಕತೆ ಎಂದು ಗೊತ್ತಿಲ್ಲ. ಅವರು ಲಿ ಕುನ್‌ತಾಯ್ ಎಲ್ಲಿ ಎಂದು ಹುಡುಕುತ್ತಿದ್ದರು. ಇತ್ತ ಈಶಾನ್ಯದವರು ಝಾವೊ ಯಿಮಾನ್ ಯಾರ ಮಗಳು ಎಂದು ಹುಡುಕುತ್ತಿದ್ದರು. ಎರಡು ಹುಡುಕಾಟ, ನಡುವೆ ಒಂದು ಗೋಡೆ.

ಗೋಡೆ ಒಡೆದದ್ದು ಅಕ್ಕ ಲಿ ಕುನ್‌ಜ್ಯೆಯ ಹಟದಿಂದ. ಆಕೆ ಅಲ್ಲಿಗೆ ಇಲ್ಲಿಗೆ ಪತ್ರ ಬರೆಯುತ್ತಲೇ ಇದ್ದಳು. ತಂಗಿ ಕಳಿಸಿದ್ದ ಫೋಟೊ ಜೋಪಾನವಾಗಿತ್ತು. ಚೆನ್ ಚೋಂಗ್‌ಯಿಂಗ್ ಮೂಲಕ ಚೆನ್ ಕುಟುಂಬದ ಕೊಂಡಿ ಸಿಕ್ಕಿತು. ಮಂಚೂರಿಯಾದಲ್ಲಿ ಕೆಲಸ ಮಾಡಿ ಬದುಕುಳಿದಿದ್ದ ಹೆ ಚೆಂಗ್‌ಶಿಯಾಂಗ್ ಎಂಬ ಹಳೆಯ ಸಂಘಟಕ, ಝಾವೊ ಯಿಮಾನ್ ಸಿಚುವಾನಿನವಳು, ಮನೆತನ ಲಿ ಎಂದು ನೆನಪಿಸಿಕೊಂಡ. ಫೋಟೊವನ್ನು ಈಶಾನ್ಯದಲ್ಲಿ ಆಕೆಯನ್ನು ಕಂಡಿದ್ದವರಿಗೆ ತೋರಿಸಿದರು. ಗುರುತು ಹಿಡಿದರು. 1950ರ ದಶಕದ ಕ್ರಿಯೆ ಇದು, ಬೀದಿಗೆ ಹೆಸರಿಟ್ಟು ಹತ್ತು ವರ್ಷ ಆದ ಮೇಲೆ.

ನಿಂಗ್‌ಅರ್ ಆಗ ಮಗುವಲ್ಲ. ಚೆನ್ ಯೆಶಿಯಾನ್ ಎಂಬ ಹೆಸರಿನ, ವಿಶ್ವವಿದ್ಯಾಲಯ ಓದಿ ಬೀಜಿಂಗ್‌ನಲ್ಲಿ ಪಾಠ ಹೇಳುತ್ತಿದ್ದ ಯುವಕ. ತಾಯಿಯ ಮುಖ ಅವನಿಗೆ ಫೋಟೊದಲ್ಲಿ ಮಾತ್ರ ಗೊತ್ತು. ಒಂದು ವರ್ಷದ ಮಗುವಾಗಿದ್ದಾಗ ಬಿಟ್ಟು ಹೋದವಳ ಬಗ್ಗೆ ಅವನೊಳಗೆ ಏನಿತ್ತೋ ಅವನಿಗೇ ಗೊತ್ತು. ಅವನು ಹಾರ್ಬಿನ್‌ಗೆ ಹೋದ. ತಾಯಿಯನ್ನು ಕೂಡಿಹಾಕಿದ್ದ ಅದೇ ಕಟ್ಟಡದಲ್ಲಿ ನಿಂತು ಪತ್ರ ಓದಿದ. ಒಂದೊಂದು ಸಾಲನ್ನೂ ಕೈಯಾರೆ ನಕಲು ಮಾಡಿಕೊಂಡ.

ಆಮೇಲೆ ಸೂಜಿ, ಶಾಯಿ ತೆಗೆದುಕೊಂಡು ತೋಳಿನ ಮೇಲೆ ತಾಯಿಯ ಹೆಸರನ್ನು ಹಚ್ಚೆ ಚುಚ್ಚಿಕೊಂಡ. ಲಿ ಕುನ್‌ತಾಯ್ ಎಂದಲ್ಲ. ಮೂರು ಅಕ್ಷರ, ಝಾವೊ ಯಿ ಮಾನ್.